ಸಹಾಯ ಬೇಕು: ದಿಂಬಂ ಘಾಟಿ ತಿರುವಿನಲ್ಲಿ ವಾಟರ್ ಇಂಜೆಕ್ಷನ್ ಆನ್ ಆದ ಕೂಡಲೇ ಮಿಸ್‌ಫೈರ್

ತಾಳವಾಡಿ ಕಡೆಯ ಗಾಡಿ. 1.2 ಲೀಟರ್ ಟರ್ಬೊ ಪೆಟ್ರೋಲ್, ಬೂಸ್ಟ್ (ಟರ್ಬೊ ತುಂಬೋ ಗಾಳಿಯ ಒತ್ತಡ) 1 ಬಾರ್. ಬಣ್ಣಾರಿಯಿಂದ ದಿಂಬಂವರೆಗಿನ 27 ಹೇರ್‌ಪಿನ್ ತಿರುವು ಹತ್ತುವಾಗ ನಾಕಿಂಗ್ (ಪೆಟ್ರೋಲ್ ತಾನಾಗೇ ಸಿಡಿದು ಬರೋ ಕಟಕಟ ಸದ್ದು) ಬರ್ತಿತ್ತು, ಅದಕ್ಕೇ ವಾಟರ್ ಇಂಜೆಕ್ಷನ್ (ಎಂಜಿನ್‌ಗೆ ಹೋಗೋ ಗಾಳಿಗೆ ನೀರು ಸಿಂಪಡಿಸಿ ತಂಪು ಮಾಡೋ ವ್ಯವಸ್ಥೆ) ಹಾಕಿದ್ದು. 7 ಬಾರ್ ಡಯಾಫ್ರಂ ಪಂಪು, ಥ್ರಾಟಲ್ ಬಾಡಿಗಿಂತ 15 ಸೆಂ.ಮೀ. ಹಿಂದೆ ನಾಝಲ್, ಬೂಸ್ಟ್ 0.4 ಬಾರ್ ದಾಟಿದರೆ ಆನ್ ಆಗೋ ಸ್ವಿಚ್. ಡಿಸ್ಟಿಲ್ಡ್ ವಾಟರ್ ಮಾತ್ರ (ಬೋರ್ ನೀರು ಹಾಕಿದ್ರೆ ಸುಣ್ಣ ಕಟ್ಟಿ ನಾಝಲ್ ಮುಚ್ಚುತ್ತೆ, ಯಾರೂ ಆ ತಪ್ಪು ಮಾಡ್ಬೇಡಿ).

ನಾಕಿಂಗ್ ಪೂರ್ತಿ ನಿಂತಿದೆ. ಆದ್ರೆ ತಿರುವು ಮುಗಿಸಿ ಎರಡನೇ ಗೇರಲ್ಲಿ, 2000 ಆರ್‌ಪಿಎಂ ಹತ್ತಿರ ಆಕ್ಸಿಲರೇಟರ್ ಒತ್ತಿದ್ರೆ ಎರಡು ಸೆಕೆಂಡು ಗಾಡಿ ಮುಗ್ಗರಿಸುತ್ತೆ, ಪಿ0300 ಕೋಡ್ (ಮಿಸ್‌ಫೈರ್, ಅಂದ್ರೆ ಸಿಲಿಂಡರಲ್ಲಿ ಸರಿಯಾಗಿ ಬೆಂಕಿ ಹತ್ತದಿರೋದು) ಬರುತ್ತೆ. 4000 ಮೇಲೆ ಬೆಣ್ಣೆ ಹಾಗೆ ಓಡುತ್ತೆ.

ಪ್ಲಗ್ ಗ್ಯಾಪ್ 0.8ರಿಂದ 0.65 ಮಿ.ಮೀ.ಗೆ ಇಳಿಸಿದ್ದಾಯ್ತು, ಸ್ವಲ್ಪ ಮಾತ್ರ ವಾಸಿ. ಪಂಪ್ ನಿಂತ ಮೇಲೂ ನೀರು ಸೋರ್ತಿದೆಯೇನೋ ಅಂತ ನಾಝಲ್ ಪಕ್ಕದಲ್ಲೇ ಸೊಲೆನಾಯ್ಡ್ ವಾಲ್ವ್ ಕೂರಿಸಿದರೂ ಅದೇ ಕಥೆ. ಪೈಪ್ ಬಿಚ್ಚಿ ನೋಡಿದರೆ ಒಳಗೆ ನೀರು ನಿಂತಿಲ್ಲ.

ನಾಝಲನ್ನು ಅಳತೆ ಲೋಟಕ್ಕೆ ಹಿಡಿದಾಗ ನಿಮಿಷಕ್ಕೆ 100 ಮಿ.ಲೀ. ಬಂತು. 2000ದಲ್ಲಿ ಪೆಟ್ರೋಲ್ ಹೋಗೋದೇ ನಿಮಿಷಕ್ಕೆ ಸುಮಾರು 200 ಗ್ರಾಂ, ಅಂದ್ರೆ ನೀರು ಅದರ ಅರ್ಧ! ನೀರು ಜಾಸ್ತಿಯಾಗೇ ಬೆಂಕಿ ಹತ್ತುತ್ತಿಲ್ಲ ಅನ್ಸುತ್ತೆ. 5000ದಲ್ಲಿ ಅದೇ ನೀರು ಶೇ. 20 ಅಷ್ಟೇ, ಸರಿಯಾದ ಪ್ರಮಾಣ.

ಈಗ ಗೊಂದಲ ಇದೊಂದೇ: 60 ಮಿ.ಲೀ. ನಾಝಲ್ ಹಾಕಿ ಸ್ವಿಚ್ಚನ್ನು 0.7 ಬಾರ್‌ಗೆ ಏರಿಸಿದ್ರೆ ಸಾಕಾ, ಮೇಲಿನ ಆರ್‌ಪಿಎಂನಲ್ಲಿ ನಾಕಿಂಗ್ ವಾಪಸ್ ಬರುತ್ತಾ? ಅಥವಾ ಇಂಜೆಕ್ಟರ್ ಡ್ಯೂಟಿ (ಪೆಟ್ರೋಲ್ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರುತ್ತೆ ಅನ್ನೋದು) ನೋಡಿ ಪಂಪ್ ವೇಗ ಬದಲಿಸೋ ಕಂಟ್ರೋಲರ್ರೇ ಬೇಕಾ? ಸಣ್ಣ ಟರ್ಬೊ ಎಂಜಿನ್ನಲ್ಲಿ ಮಾಡಿ ನೋಡಿದವರು ದಯವಿಟ್ಟು ಹೇಳಿ.