ಪೊಲೀಸರ ಲಾಠಿಗೆ ತಮ್ಮನ ಕೈ ಮುರಿದಿದೆ, ಪರಿಹಾರಕ್ಕೆ ಸಿವಿಲ್ ದಾವೆ ಹಾಕಬಹುದಾ?

ಶ್ರೀನಿವಾಸಪುರದ ಅಕ್ಕ:
ನಮ್ಮದು ಶ್ರೀನಿವಾಸಪುರ ತಾಲ್ಲೂಕು. ತಮ್ಮ ಟಾಟಾ ಏಸ್ ಇಟ್ಟುಕೊಂಡು ಊರಿನವರ ಟೊಮ್ಯಾಟೊನ ಕೋಲಾರ ಎಪಿಎಂಸಿಗೆ ಸಾಗಿಸುತ್ತಾನೆ. ಕಳೆದ ತಿಂಗಳು ರಾತ್ರಿ ಲೋಡ್ ತಗೊಂಡು ಹೋಗುವಾಗ ಪೊಲೀಸರು ಗಾಡಿ ತಡೆದರು. ಕಾಗದ ಪತ್ರ ಎಲ್ಲಾ ಸರಿ ಇತ್ತು. "ಹರಾಜಿಗೆ ಲೇಟಾಗುತ್ತೆ, ಬೇಗ ಬಿಡಿ ಸರ್" ಅಂದಿದ್ದಕ್ಕೆ ಮಾತಿಗೆ ಮಾತು ಬೆಳೆದು ಲಾಠಿ ಬೀಸಿದರು. ಎಡಗೈ ಮೂಳೆ ಮುರಿದು ಪ್ಲೇಟ್ ಹಾಕಿದ್ದಾರೆ. ಗೇರ್ ಹಾಕೋ ಕೈ ಅದು. ಈಗ ಒಂದು ಖಾಲಿ ಬಾಕ್ಸ್ ಎತ್ತೋಕೂ ಆಗ್ತಿಲ್ಲ. ಗಾಡಿ ಮನೆ ಮುಂದೆ ನಿಂತಿದೆ, ಲೋನ್ ಕಂತು ಕಟ್ಟಲೇಬೇಕು.

ಆ ರಾತ್ರಿ ಅವರೇ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಗಾಡಿಯಿಂದ ಬಿದ್ದ ಅಂತ ಚೀಟಿಯಲ್ಲಿ ಬರೆಸಿದ್ದಾರೆ. ಮಾರನೇ ದಿನ ನಾವು ಬೇರೆ ಕಡೆ ತೋರಿಸಿದೆವು. ಅಲ್ಲಿನ ಡಾಕ್ಟರ್ ಬೆನ್ನು ನೋಡಿ, ಒಂದರ ಪಕ್ಕ ಒಂದು ಎರಡು ಕೆಂಪು ಗೆರೆ, ಮಧ್ಯೆ ಚರ್ಮ ಮಾಮೂಲಿ ಇದೆ ಅಂತ ಬರೆದಿದ್ದಾರೆ.

ಊರಲ್ಲಿ ಎಲ್ಲರೂ ರಾಜಿ ಮಾಡ್ಕೊಳ್ಳಿ ಅಂತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಅವನದು ತಪ್ಪಿದ್ದರೆ ದಂಡ ಹಾಕಲಿ. ಕೈ ಮುರಿಯೋದು ಯಾವ ಕಾನೂನು?

ಕೋಲಾರ ವಕೀಲ:
ಖಂಡಿತ ಹಾಕಬಹುದು ಮೇಡಂ. ಆದರೆ ತಡ ಮಾಡಿದರೆ ಕೈತಪ್ಪುತ್ತೆ. ಕರ್ನಾಟಕ ಪೊಲೀಸ್ ಕಾಯ್ದೆ 1963ರ 170ನೇ ಸೆಕ್ಷನ್ ಇದೆ. ಡ್ಯೂಟಿ ಹೆಸರಲ್ಲಿ, ಇಲ್ಲವೇ ಡ್ಯೂಟಿ ಮೀರಿ ಮಾಡಿದ ಕೆಲಸಕ್ಕೆ ಪೊಲೀಸರ ಮೇಲೆ ದಾವೆ ಹೂಡಲು ಸರ್ಕಾರದ ಅನುಮತಿ ಬೇಕು. ದಾವೆ ಹೂಡೋಕೆ ಕಾಲಮಿತಿನೂ ಇರುತ್ತೆ. ಅದಕ್ಕೂ ಮುಂಚೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 80ನೇ ಸೆಕ್ಷನ್ ನೋಟಿಸ್ ಕೊಟ್ಟು 2 ತಿಂಗಳು ಕಾಯಬೇಕು. ಸರ್ಕಾರಕ್ಕೆ ಕೊಡೋ ನೋಟಿಸನ್ನು ಡಿಸಿ ಕಚೇರಿಯಲ್ಲೇ ಕೊಟ್ಟು ಸ್ವೀಕೃತಿ ತಗೊಳ್ಳಿ. ಅನುಮತಿ ಅರ್ಜಿನೂ ಈಗಲೇ ಹಾಕಿ. ಅದು ಬರೋದು ನಿಧಾನ.

ಆ ಎರಡು ಗೆರೆ ನಿಮ್ಮ ಕೇಸಿಗೆ ತುಂಬಾ ಮುಖ್ಯ. ಲಾಠಿಯಂಥ ಉರುಟು ಕೋಲು ಜೋರಾಗಿ ಬಿದ್ದರೆ ರಕ್ತ ಎರಡೂ ಪಕ್ಕಕ್ಕೆ ಒತ್ತಿಕೊಂಡು ರೈಲು ಕಂಬಿ ಥರ ಗುರುತು ಬೀಳುತ್ತೆ. ನೆಲಕ್ಕೆ ಬಿದ್ದರೆ ತರಚು ಗಾಯ ಆಗುತ್ತೆ, ಇಂಥ ಗುರುತು ಬೀಳಲ್ಲ. ಊಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ಡಾಕ್ಟರ್ ಕೊಡೋ ಪತ್ರ) ತಗೊಂಡಿಲ್ಲ ಅಂದ್ರೆ ಈ ವಾರವೇ ತಗೊಳ್ಳಿ. ಫೋಟೊ ಇದ್ದರೆ ತೆಗೆದ ಫೋನಿನಿಂದ ಅಳಿಸಬೇಡಿ.

ಚಿಂತಾಮಣಿ ಡ್ರೈವರ್:
ಅಕ್ಕ, ಠಾಣೆ ಒಳಗೆ ಕರ್ಕೊಂಡು ಹೋಗಿದ್ರಾ? ಹೋಗಿದ್ರೆ ಸಿಸಿಟಿವಿ ಕೇಳಿ. ಠಾಣೆಗಳಲ್ಲಿ ಕ್ಯಾಮೆರಾ ಇರಬೇಕು, ದೃಶ್ಯ 18 ತಿಂಗಳು ಇಡಬೇಕು, ಅಷ್ಟು ಆಗದಿದ್ದರೂ 1 ವರ್ಷಕ್ಕೆ ಕಮ್ಮಿ ಇಡಬಾರದು ಅಂತ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರ್‌ಟಿಐ ಹಾಕಿ, ಜೊತೆಗೆ ಅದನ್ನ ಅಳಿಸಬಾರದು ಅಂತ ಎಸ್‌ಪಿ ಆಫೀಸಿಗೆ ರಿಜಿಸ್ಟರ್ ಪೋಸ್ಟಲ್ಲಿ ಬರೀರಿ. ದಾರೀಲಿರೋ ಪೆಟ್ರೋಲ್ ಬಂಕ್‌ಗೆ ಇವತ್ತೇ ಹೋಗಿ. ಅಲ್ಲಿ ಹಳೇದ್ರ ಮೇಲೇ ಹೊಸದು ರೆಕಾರ್ಡ್ ಆಗ್ತಿರುತ್ತೆ.

ಶ್ರೀನಿವಾಸಪುರದ ಅಕ್ಕ:
ಹೂಂ, ಠಾಣೆಯಲ್ಲಿ ಸ್ವಲ್ಪ ಹೊತ್ತು ಕೂರಿಸಿದ್ದರಂತೆ. ನಾಳೆನೇ ಅರ್ಜಿ ಹಾಕ್ತೀವಿ. ವಕೀಲರ ಫೀಸಿಗೆ ದುಡ್ಡಿಲ್ಲ ಸರ್. ನೇರ ಹೈಕೋರ್ಟಿಗೆ ಹೋದರೆ ಬೇಗ ಆಗುತ್ತಾ?

ಕೋಲಾರ ವಕೀಲ:
ರಿಟ್, ಅಂದರೆ ಮೂಲಭೂತ ಹಕ್ಕಿಗೆ ಧಕ್ಕೆ ಆಯ್ತು ಅಂತ ನೇರ ಹೈಕೋರ್ಟಿಗೆ ಹಾಕೋ ಅರ್ಜಿಯಲ್ಲೂ ಪರಿಹಾರ ಕೊಡಬಹುದು. 1993ರಲ್ಲಿ ನೀಲಾಬತಿ ಬೆಹೆರಾ ಪ್ರಕರಣದಲ್ಲಿ, ಪೊಲೀಸ್ ವಶದಲ್ಲಿ ಸತ್ತ ಮಗನಿಗಾಗಿ ತಾಯಿಗೆ ಸುಪ್ರೀಂ ಕೋರ್ಟ್ 1.5 ಲಕ್ಷ ರೂಪಾಯಿ ಕೊಡಿಸಿತು. ಆದರೆ ನಿಮ್ಮಲ್ಲಿ ಅವರು ಬಿದ್ದ ಅಂತಾರೆ, ನೀವು ಹೊಡೆದರು ಅಂತೀರಿ. ಸಾಕ್ಷಿ ವಿಚಾರಣೆ ಆಗಲೇಬೇಕು. ಹಾಗಾಗಿ ಸಿವಿಲ್ ಕೋರ್ಟೇ ಸರಿ ಅನ್ನೋದು ನನ್ನ ಅಭಿಪ್ರಾಯ. ಮಾನವ ಹಕ್ಕು ಆಯೋಗಕ್ಕೂ 1 ವರ್ಷದೊಳಗೆ ದೂರು ಕೊಡಬಹುದು.

ಫೀಸಿನ ಚಿಂತೆ ಬಿಡಿ. ಆದಾಯ ಕಮ್ಮಿ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತೆ. ರಾಜಿ ಪತ್ರ ಅಂತ ಯಾರು ತಂದರೂ ತಮ್ಮನ ಕೈಲಿ ಸಹಿ ಹಾಕಿಸಬೇಡಿ. ಹೋಗುವಾಗ ಹಳೇ ಬಾಡಿಗೆ ಚೀಟಿ, ಮಂಡಿ ಬಿಲ್ಲು, ಲೋನ್ ಪಾಸ್‌ಬುಕ್ ಎಲ್ಲಾ ತಗೊಂಡು ಹೋಗಿ. ದುಡಿಮೆ ಎಷ್ಟಿತ್ತು ಅಂತ ತೋರಿಸೋಕೆ ಅವೇ ಬೇಕು.