ಜರ್ಮನಿಯಲ್ಲಿ ರೈಲು ಪ್ರಯಾಣ: ಅಪ್ಪ-ಅಮ್ಮನನ್ನು ಕರ್ಕೊಂಡು ಹೋಗೋಕೆ ಏನೇನು ನೋಡ್ಕೋಬೇಕು?

ಅಪ್ಪ-ಅಮ್ಮ ಮೊದಲ ಸಲ ಬರ್ತಿದ್ದಾರೆ, ಇಬ್ಬರಿಗೂ ಅರವತ್ತೈದು ದಾಟಿದೆ. ಬೆಂಗಳೂರಿಂದ ಫ್ರಾಂಕ್‌ಫರ್ಟ್‌ಗೆ ವಿಮಾನ, ಅಲ್ಲಿಂದ ಮ್ಯೂನಿಕ್‌ಗೆ ರೈಲು. ಆಮೇಲೆ ಅಲ್ಲಿಂದ ಫ್ಯೂಸನ್ ಅನ್ನೋ ಸಣ್ಣ ಊರು, ಸಾಲ್ಜ್‌ಬರ್ಗ್, ಕೊನೆಗೆ ಬರ್ಲಿನ್. ಯಾವ ಟಿಕೆಟ್ ತಗೋಬೇಕು, ಎಲ್ಲಿ ಎಡವಟ್ಟಾಗುತ್ತೆ? ಗೊತ್ತಿರೋರು ಹೇಳಿ.

ಉತ್ತರ 1

ಮೊದಲು ವಿಮಾನದಿಂದ ಇಳಿದ ಮೇಲಿನ ರೈಲಿನ ಬಗ್ಗೆ. ಅದಕ್ಕೆ ಸೂಪರ್ ಸ್ಪಾರ್‌ಪ್ರೈಸ್ ಅನ್ನೋ ರಿಯಾಯಿತಿ ಟಿಕೆಟ್ ತಗೋಬೇಡಿ. ಅಗ್ಗ ನಿಜ, ಆದರೆ ಬುಕ್ ಮಾಡಿದ ಆ ಒಂದೇ ರೈಲಿಗೆ ಸಲ್ಲುತ್ತೆ, ರದ್ದು ಮಾಡೋಕೂ ಬರಲ್ಲ. ವಿಮಾನ ತಡವಾದರೆ ಅದು ರೈಲ್ವೆಯ ತಪ್ಪಲ್ಲ, ಹಾಗಾಗಿ ದುಡ್ಡು ಹೋದ ಹಾಗೇ. ಇಮಿಗ್ರೇಷನ್ ಸಾಲು, ಲಗೇಜ್ ಬೆಲ್ಟ್ ಎಲ್ಲ ಸೇರಿ ಎಷ್ಟು ಹೊತ್ತಾಗುತ್ತೋ ಯಾರೂ ಹೇಳಕ್ಕಾಗಲ್ಲ. ಎರಡು ದಾರಿ ಇದೆ. ಒಂದು, ಫ್ಲೆಕ್ಸ್‌ಪ್ರೈಸ್: ಆ ದಿನ ಆ ದಾರಿಯ ಯಾವ ರೈಲಾದರೂ ಹತ್ತಬಹುದು. ಇನ್ನೊಂದು, ವಿಮಾನದ ಟಿಕೆಟ್ ಜೊತೆಗೇ ಕೆಲವು ಏರ್‌ಲೈನ್‌ಗಳು ಕೊಡೋ ರೈಲ್ ಆಂಡ್ ಫ್ಲೈ ಅನ್ನೋ ರೈಲು ಟಿಕೆಟ್. ಇಳಿದ ದಿನ ಅಥವಾ ಮಾರನೇ ದಿನ ಯಾವ ರೈಲಿಗಾದರೂ ನಡೆಯುತ್ತೆ. ವಿಮಾನದ ಟಿಕೆಟ್ ತಗೋವಾಗಲೇ ಕೇಳಿ.

ಫ್ರಾಂಕ್‌ಫರ್ಟ್ ಏರ್‌ಪೋರ್ಟ್‌ನಲ್ಲಿ ಎರಡು ಸ್ಟೇಷನ್ ಇವೆ. ಐಸಿಇ, ಅಂದರೆ ದೂರದ ವೇಗದ ರೈಲು, ಬರೋದು ಫೆರ್ನ್‌ಬಾನ್‌ಹೋಫ್‌ಗೆ (ದೂರದ ರೈಲುಗಳ ಸ್ಟೇಷನ್), ಊರೊಳಗಿನ ಲೋಕಲ್ ರೈಲು ಎಸ್-ಬಾನ್ ಬರೋದು ರೆಗಿಯೊನಾಲ್‌ಬಾನ್‌ಹೋಫ್‌ಗೆ (ಪ್ರಾದೇಶಿಕ ಸ್ಟೇಷನ್). ಬೋರ್ಡ್‌ನಲ್ಲಿ ಬರೀ ರೈಲಿನ ಚಿತ್ರ ನೋಡ್ಕೊಂಡು ಹೋಗಬೇಡಿ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಅದಕ್ಕೆ ಸೇರಿಸ್ತೀನಿ: ನಮ್ಮಲ್ಲಿ ಟಿಕೆಟ್ ಕನ್ಫರ್ಮ್ ಆದರೆ ಸೀಟೂ ಸಿಕ್ಕ ಹಾಗೆ. ಇಲ್ಲಿ ಎರಡನೇ ದರ್ಜೆಯಲ್ಲಿ ಟಿಕೆಟ್ ಬೇರೆ, ಸೀಟ್ ರಿಸರ್ವೇಷನ್ ಬೇರೆ. ವಯಸ್ಸಾದವರಿದ್ದಾಗ ರಿಸರ್ವೇಷನ್ ಮಾಡಿಸಲೇಬೇಕು ಅಂತೀನಿ. ಶುಕ್ರವಾರ, ಭಾನುವಾರ ಸಂಜೆ ಎಷ್ಟೋ ಜನ ಬಾಗಿಲ ಹತ್ತಿರವೇ ನಿಂತಿರ್ತಾರೆ. ರೈಲು ಹೊರಟು 15 ನಿಮಿಷದೊಳಗೆ ಕೂರದಿದ್ದರೆ ರಿಸರ್ವೇಷನ್ ಹೋಗುತ್ತೆ, ಅದಕ್ಕೇ ಸರಿಯಾದ ಬೋಗಿಗೇ ಹತ್ತಬೇಕು.

ಪ್ಲಾಟ್‌ಫಾರಂ ಉದ್ದಕ್ಕೂ ಎ, ಬಿ, ಸಿ ಅಂತ ದೊಡ್ಡ ಅಕ್ಷರಗಳು ನೇತಾಡ್ತಿರ್ತವೆ. ಜರ್ಮನ್ ರೈಲ್ವೆಯ (ಡಿಬಿ) ಡಿಬಿ ನ್ಯಾವಿಗೇಟರ್ ಆ್ಯಪ್‌ನಲ್ಲಿ ನಿಮ್ಮ ರೈಲು ತೆಗೆದು ಬೋಗಿಗಳ ಸಾಲು ನೋಡಿ. ನಿಮ್ಮ ಬೋಗಿ (ವಾಗನ್) ಯಾವ ಅಕ್ಷರದ ಕೆಳಗೆ ನಿಲ್ಲುತ್ತೆ ಅಂತ ತೋರಿಸುತ್ತೆ. ಅಲ್ಲೇ ಹೋಗಿ ನಿಲ್ಲಿ. ಆದರೆ ಬರೋ ಹತ್ತು ನಿಮಿಷ ಮುಂಚೆ ಇನ್ನೊಂದು ಸಲ ನೋಡಿ, ಸಾಲು ಉಲ್ಟಾ ಆಗಿರೋದು ಅಪರೂಪವೇನಲ್ಲ. ಪ್ಲಾಟ್‌ಫಾರಂ, ಅಂದರೆ ಗ್ಲೈಸ್, ಕೊನೇ ಗಳಿಗೆಯಲ್ಲಿ ಬದಲಾಗೋದೂ ಉಂಟು.

ಇನ್ನೊಂದು ಮುಖ್ಯ ವಿಷಯ. ಕೆಲವು ಐಸಿಇಗಳಲ್ಲಿ ಎರಡು ರೈಲನ್ನು ಸೇರಿಸಿ ಓಡಿಸ್ತಾರೆ. ಒಂದರ ಬೋಗಿಗಳು 21, 22 ಹೀಗೆ, ಇನ್ನೊಂದರವು 31, 32 ಹೀಗೆ. ನಡುವೆ ಒಳಗಿಂದ ದಾರಿ ಇಲ್ಲ. ಇಂಥ ಕೆಲವು ರೈಲುಗಳು ದಾರಿ ಮಧ್ಯೆ ಬೇರೆಯಾಗಿ ಎರಡು ದಿಕ್ಕಿಗೆ ಹೋಗ್ತವೆ. ಮ್ಯೂನಿಕ್ ಏರ್‌ಪೋರ್ಟ್‌ಗೆ ಹೋಗೋ ಎಸ್1 ರೈಲೂ ಹಾಗೇ: ನೊಯ್‌ಫಾರ್ನ್ ಸ್ಟೇಷನ್‌ನಲ್ಲಿ ಬೇರೆಯಾಗಿ ಒಂದು ಭಾಗ ಏರ್‌ಪೋರ್ಟ್‌ಗೆ, ಇನ್ನೊಂದು ಫ್ರೈಸಿಂಗ್ ಊರಿಗೆ. ಬೋಗಿಯ ಮೇಲಿನ ಬೋರ್ಡ್ ಓದಿಯೇ ಹತ್ತಿ.

ಉತ್ತರ 3

ರೈಲು ಬದಲಿಸೋ ಸಮಯದ ಬಗ್ಗೆ ಯಾರೂ ಹೇಳಲಿಲ್ಲ. ಆ್ಯಪ್ ಏಳೆಂಟು ನಿಮಿಷದ ಬದಲಾವಣೆಯನ್ನೂ ತೋರಿಸುತ್ತೆ. ಎರಡು ದೊಡ್ಡ ಸೂಟ್‌ಕೇಸ್, ಮಂಡಿ ನೋವು, ಕೆಟ್ಟು ನಿಂತ ಲಿಫ್ಟ್ ಇದ್ದರೆ ಅದು ಆಗದ ಮಾತು. ಹುಡುಕುವಾಗಲೇ ಬದಲಾವಣೆಗೆ ಕನಿಷ್ಠ 30 ನಿಮಿಷ ಅಂತ ಆಯ್ಕೆ ಮಾಡಿ. ನೇರ ರೈಲು ಇದ್ದರೆ ಅರ್ಧ ಗಂಟೆ ಹೆಚ್ಚಾದರೂ ಅದೇ ಒಳ್ಳೇದು.

ಬದಲಿಸಲೇಬೇಕಾದರೆ ಪೂರ್ತಿ ದಾರಿಗೆ ಒಂದೇ ಟಿಕೆಟ್ ತಗೊಳ್ಳಿ. ಆಗ ಮೊದಲ ರೈಲು ತಡವಾಗಿ, ತಲುಪೋದು 20 ನಿಮಿಷಕ್ಕಿಂತ ಹೆಚ್ಚು ತಡ ಅಂತ ಗೊತ್ತಾದರೆ, ಆ ಒಂದೇ ರೈಲಿನ ಕಟ್ಟುಪಾಡು ಬಿದ್ದು ಹೋಗುತ್ತೆ. ಮುಂದಿನ ಐಸಿಇ ಹತ್ತಬಹುದು. ತುಂಡು ತುಂಡಾಗಿ ಬೇರೆ ಬೇರೆ ಟಿಕೆಟ್ ತಗೊಂಡಿದ್ದರೆ ಈ ರಕ್ಷಣೆ ಇಲ್ಲ. 60 ನಿಮಿಷ ತಡವಾದರೆ ಟಿಕೆಟ್ ಹಣದ ಶೇಕಡ 25, 120 ನಿಮಿಷವಾದರೆ ಶೇಕಡ 50 ವಾಪಸ್ ಬರುತ್ತೆ. ಆ್ಯಪ್‌ನಲ್ಲೇ ಅರ್ಜಿ ಹಾಕಬಹುದು, ಮೂರು ತಿಂಗಳೊಳಗೆ ಹಾಕಬೇಕು.

ಉತ್ತರ 4

ಫ್ಯೂಸನ್, ಸಾಲ್ಜ್‌ಬರ್ಗ್‌ಗೆ ಐಸಿಇ ಬೇಕಾಗಿಲ್ಲ, ಪ್ರಾದೇಶಿಕ ರೈಲುಗಳೇ ಸಾಕು. ಮ್ಯೂನಿಕ್‌ನಿಂದ ಎರಡೂ ಸುಮಾರು ಎರಡು ಗಂಟೆ. ಎರಡೇ ದಿನದ ಓಡಾಟವಾದರೆ ಬಯರ್ನ್ ಟಿಕೆಟ್ (ಬವೇರಿಯಾ ರಾಜ್ಯದ ಪ್ರಾದೇಶಿಕ ರೈಲುಗಳಿಗೆ ಒಂದು ದಿನದ ಟಿಕೆಟ್) ತಗೊಳ್ಳಿ: ಒಂದರಲ್ಲೇ ಐದು ಜನರವರೆಗೆ ಸೇರಿಸಬಹುದು, ಸಾಲ್ಜ್‌ಬರ್ಗ್‌ವರೆಗೂ ಸಲ್ಲುತ್ತೆ. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರವೇ ನಡೆಯುತ್ತೆ, 8:50ರ ರೈಲು ಹತ್ತಿದರೆ ಟಿಕೆಟ್ ಇಲ್ಲದ ಲೆಕ್ಕ. ಹೆಚ್ಚು ದಿನ ಊರೊಳಗೂ ಓಡಾಡೋದಾದರೆ ಡಾಯ್ಚ್‌ಲಾಂಡ್ ಟಿಕೆಟ್ (ದೇಶದ ಪ್ರಾದೇಶಿಕ ರೈಲು, ಊರೊಳಗಿನ ಸಾರಿಗೆಗೆ ತಿಂಗಳ ಪಾಸ್), 2026ರ ಜನವರಿಯಿಂದ ತಿಂಗಳಿಗೆ 63 ಯೂರೊ. ಅದು ಚಂದಾ, ಆಯಾ ತಿಂಗಳ 10ರೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳದ್ದೂ ಕತ್ತರಿಸ್ತಾರೆ. ಐಸಿಇ, ಐಸಿ, ಇಸಿ ಅನ್ನೋ ದೂರದ ರೈಲುಗಳಲ್ಲಿ ನಡೆಯಲ್ಲ.

ಸಾಲ್ಜ್‌ಬರ್ಗ್ ಆಸ್ಟ್ರಿಯಾದಲ್ಲಿದೆ. ವೀಸಾ ಷೆಂಗನ್ (ಯುರೋಪಿನ ಹಲವು ದೇಶಗಳಿಗೆ ಒಂದೇ) ಆದರೂ ವಾಪಸ್ ಬರುವಾಗ ಗಡಿಯಲ್ಲಿ ಪೊಲೀಸರು ರೈಲು ಹತ್ತಿ ತಪಾಸಣೆ ಮಾಡ್ತಾರೆ. ಅಪ್ಪ-ಅಮ್ಮನ ಪಾಸ್‌ಪೋರ್ಟ್ ಹೋಟೆಲ್ ಲಾಕರ್‌ನಲ್ಲಿ ಬಿಟ್ಟು ಹೋಗಬೇಡಿ, ಫೋಟೊ ಪ್ರತಿ ಸಾಲದು.

ಉತ್ತರ 2ರವರು ಮತ್ತೆ

ಒಂದು ಬಿಟ್ಟು ಹೋಗಿತ್ತು. ಸ್ಟೇಷನ್‌ಗಳಲ್ಲಿ ಗೇಟ್ ಇರಲ್ಲ, ಯಾರೂ ತಡೆಯಲ್ಲ. ಮ್ಯೂನಿಕ್‌ನಲ್ಲಿ ಮಷಿನ್‌ನಿಂದ ತಗೊಂಡ ಕೆಲವು ಕಾಗದದ ಟಿಕೆಟ್‌ಗಳಿಗೆ ಹತ್ತೋ ಮುಂಚೆ ಮುದ್ರೆ ಹೊಡೆಸಬೇಕು. ಮುದ್ರೆ ಇಲ್ಲದಿದ್ದರೆ ದುಡ್ಡು ಕೊಟ್ಟಿದ್ದರೂ 60 ಯೂರೊ ದಂಡ, ಗೊತ್ತಿರಲಿಲ್ಲ ಅಂದರೆ ಕೇಳಲ್ಲ. ಅಪ್ಪ-ಅಮ್ಮ ಇಬ್ಬರೇ ಓಡಾಡೋ ದಿನ ಆ್ಯಪ್ ಟಿಕೆಟನ್ನೇ ಅವರ ಫೋನಿಗೆ ಹಾಕಿ ಕೊಡಿ. ಬಾಗಿಲು ತಾನಾಗಿ ತೆರೆಯದಿದ್ದರೆ ಗುಂಡಿ ಒತ್ತಬೇಕು ಅನ್ನೋದನ್ನೂ ಒಂದು ಸಲ ತೋರಿಸಿ.