ಹಳ್ಳಿ ಮನೆಯಲ್ಲಿ ಪಾರ್ಲರ್ ಇಟ್ಟಿದ್ದೇನೆ, ಕಸ್ಟಮರ್ ಬರಲು ಏನು ಮಾಡಲಿ?

ಕೇಳಿದವರು: ತೀರ್ಥಹಳ್ಳಿ ಹತ್ತಿರದ ಹಳ್ಳಿಯಿಂದ

ಅಕ್ಕಂದಿರೇ, ನಮ್ಮ ಮನೆ ತೀರ್ಥಹಳ್ಳಿ ಪೇಟೆಯಿಂದ ಎಂಟು ಕಿಲೋಮೀಟರ್ ಒಳಗೆ. ಶಿವಮೊಗ್ಗದಲ್ಲಿ ಆರು ತಿಂಗಳು ಬ್ಯೂಟೀಷಿಯನ್ ಕೋರ್ಸ್ ಮಾಡಿ ಬಂದೆ. ಮನೆಯ ಮುಂದಿನ ಕೋಣೆಗೆ ಕುರ್ಚಿ, ಕನ್ನಡಿ, ಸ್ಟೀಮರ್, ವ್ಯಾಕ್ಸ್ ಹೀಟರ್ ಎಲ್ಲ ಸೇರಿ 60 ಸಾವಿರ ಹಾಕಿದ್ದೇನೆ. ನಾಲ್ಕು ತಿಂಗಳಲ್ಲಿ ಬಂದವರು 14 ಜನ. ಅದರಲ್ಲಿ ಒಂಬತ್ತು ಜನ ನೆಂಟರು, ಅವರು ದುಡ್ಡು ಕೊಡುವುದಿಲ್ಲ. ಅಕ್ಕಪಕ್ಕದವರು "ಸುಮ್ನೆ ಒಂದು ಹುಬ್ಬು ತೆಗೆದುಬಿಡೇ" ಅನ್ನುತ್ತಾರೆ. ಪಾಂಪ್ಲೆಟ್ ಹಂಚಿದೆ. ಅರ್ಧ ರೇಟಿಗೆ ಫೇಶಿಯಲ್ ಎಂದು ಸ್ಟೇಟಸ್ ಹಾಕಿದೆ. ಇಬ್ಬರು ಬಂದರು, ಮತ್ತೆ ಬರಲಿಲ್ಲ. ಅತ್ತೆ "ಆ ಕೋಣೆಯಲ್ಲಿ ಅಡಿಕೆ ಚೀಲ ಇಡಬಹುದಿತ್ತು" ಎಂದು ದಿನಾ ನೆನಪು ಮಾಡುತ್ತಾರೆ. ನಿಮಗೆಲ್ಲ ಮೊದಲ ಕಸ್ಟಮರ್‌ಗಳು ಹೇಗೆ ಸಿಕ್ಕರು? ದಯವಿಟ್ಟು ಹೇಳಿ.

ಶಿವಮೊಗ್ಗ, ಗೋಪಾಳದಿಂದ

ತಂಗಿ, ಮೊದಲು ಆ ಅರ್ಧ ರೇಟಿನ ಸ್ಟೇಟಸ್ ನಿಲ್ಲಿಸು. 24 ಗಂಟೆಯಲ್ಲಿ ಅದು ತಾನೇ ಹೋಗುತ್ತದೆ, ಮತ್ತೆ ಹಾಕಬೇಡ ಅಷ್ಟೇ. ಅರ್ಧ ರೇಟಿಗೆ ಬಂದವರು ರೇಟಿಗೆ ಬಂದವರು, ನಿನ್ನ ಕೈಗೆ ಬಂದವರಲ್ಲ. ನಾನು ಹನ್ನೊಂದು ವರ್ಷದಿಂದ ಮನೆಯ ಹಿಂದಿನ ಕೋಣೆಯಲ್ಲೇ ಮಾಡುತ್ತಿದ್ದೇನೆ. ಶುರುವಿನಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ.

ನನ್ನನ್ನು ಕಾಪಾಡಿದ್ದು ಫೇಶಿಯಲ್ ಅಲ್ಲ, ಬ್ರೈಡಲ್ ಮೇಕಪ್ಪೂ ಅಲ್ಲ. ಹುಬ್ಬು. ಫೇಶಿಯಲ್ ಮಾಡಿಸಿಕೊಂಡವರು ಮತ್ತೆ ಮಾಡಿಸಿಕೊಳ್ಳುವುದು ಯಾವಾಗಲೋ. ಹುಬ್ಬು ಇಪ್ಪತ್ತು ಇಪ್ಪತ್ತೈದು ದಿನಕ್ಕೆ ಬೆಳೆಯುತ್ತದೆ, ಬೇಡ ಅಂದರೂ ಬೆಳೆಯುತ್ತದೆ. ಥ್ರೆಡಿಂಗ್ ಚೆನ್ನಾಗಿದ್ದರೆ ಅವಳು ವರ್ಷಕ್ಕೆ ಹದಿನಾಲ್ಕು ಹದಿನೈದು ಸಲ ನಿನ್ನ ಕುರ್ಚಿಯಲ್ಲಿ ಕೂರುತ್ತಾಳೆ. ಕೂತವಳು ಸುಮ್ಮನೆ ಕೂರುವುದಿಲ್ಲ. "ಕೂದಲು ಉದುರುತ್ತೆ ಕಣೇ", "ನಾದಿನಿ ಮದುವೆ ಗೊತ್ತಾಯ್ತು" ಎಂದು ಮಾತು ತೆಗೆಯುತ್ತಾಳೆ. ಉಳಿದ ಕೆಲಸವೆಲ್ಲ ಆ ಮಾತಿನಿಂದಲೇ ಬರುವುದು. ನನಗೆ ಸಿಕ್ಕ ಮೊದಲ ಮದುವೆ ಮೇಕಪ್ ಮೂರು ವರ್ಷ ಬರೀ ಹುಬ್ಬಿಗೆ ಬರುತ್ತಿದ್ದ ಅಂಗನವಾಡಿ ಟೀಚರ್ ಒಬ್ಬರ ತಂಗಿಯದು.

ಅದಕ್ಕೆ ಒಂದು 200 ಪುಟದ ನೋಟ್‌ಬುಕ್ ತೆಗೆದುಕೋ. ಒಬ್ಬರಿಗೆ ಒಂದು ಪುಟ. ಬಂದ ತಾರೀಕು, ಏನು ಮಾಡಿದೆ, ಎಷ್ಟು ತೆಗೆದುಕೊಂಡೆ. ಕೆಳಗೆ ಗುರುತು ಬರೆದುಕೋ. ನನ್ನ ಪುಸ್ತಕದಲ್ಲಿ ಹೀಗೆಲ್ಲ ಇದೆ: "ಎಡ ಹುಬ್ಬಿನ ತುದಿಯಲ್ಲಿ ಹಳೇ ಗಾಯ, ಅಲ್ಲಿ ಕೂದಲು ಬರಲ್ಲ, ಬಲಗಡೆಯದನ್ನು ಅದಕ್ಕೆ ಸರಿಯಾಗಿ ಗಿಡ್ಡ ಮಾಡುವುದು." "ತೆಳು ಬೇಡ, ಗಂಡ ಬೈತಾರೆ." "ಪೌಡರ್ ಹಾಕಿದರೆ ಸೀನು." ಎರಡನೇ ಸಲ ಬಂದಾಗ ಅವಳು ಹೇಳುವ ಮೊದಲೇ "ತೆಳು ಬೇಡ ಅಲ್ವಾ?" ಎಂದು ಕೇಳಿ ನೋಡು. ಆಮೇಲೆ ಬೇರೆ ಕಡೆ ಹೋಗಲು ಅವಳಿಗೇ ಮನಸ್ಸು ಬರುವುದಿಲ್ಲ. 22ನೇ ದಿನಕ್ಕೆ ಒಂದೇ ಸಾಲು ಮೆಸೇಜ್ ಹಾಕು: "ಶನಿವಾರ ಬೆಳಿಗ್ಗೆ ಖಾಲಿ ಇದ್ದೇನೆ, ಬರ್ತೀರಾ?" ಹೂವಿನ ಚಿತ್ರ, ಶುಭೋದಯ ಎಲ್ಲ ಬೇಡ.

ವಾಟ್ಸ್ಯಾಪ್‌ನಲ್ಲಿ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡುತ್ತೀಯಾದರೆ ಒಂದು ವಿಷಯ ಗೊತ್ತಿರಲಿ. ನಿನ್ನ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರೆ ಮಾತ್ರ ಅದು ಹೋಗುತ್ತದೆ. ಒಂದು ವರ್ಷ ನಾನು ಗೋಡೆಗೆ ಮಾತಾಡಿದ ಹಾಗೆ ಮೆಸೇಜ್ ಕಳಿಸಿದ್ದೆ. ಈಗ ದುಡ್ಡು ಕೊಡುವ ಹೊತ್ತಿಗೆ ಅವರ ಫೋನಿನಲ್ಲಿ ನನ್ನ ನಂಬರ್ ಸೇವ್ ಮಾಡಿಸಿಯೇ ಕಳಿಸುತ್ತೇನೆ.

ಇನ್ನು ದಾರ. ಬಾಯಲ್ಲಿ ಕಚ್ಚಿ ಹಿಡಿಯುತ್ತೀಯಾ? ಕೊರೊನಾ ಆದ ಮೇಲೆ ಜನ ಅದನ್ನು ನೋಡುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ. ಕುತ್ತಿಗೆಗೆ ಸುತ್ತಿ ಮಾಡುವುದನ್ನು ಕಲಿ. ಹದಿನೈದು ದಿನ ಕೈ ತೊದಲುತ್ತದೆ, ಮನೆಯವರ ಕಾಲಿನ ಕೂದಲ ಮೇಲೆ ಅಭ್ಯಾಸ ಮಾಡು. ನಮ್ಮ ಮನೆಯವರು ಆ ಹದಿನೈದು ದಿನ ಪಂಚೆ ಉಡಲಿಲ್ಲ.

ಸಾಗರ ತಾಲ್ಲೂಕಿನಿಂದ

ಗೋಪಾಳದ ಅಕ್ಕ ಹೇಳಿದ್ದು ಪೇಟೆಗೆ ಸರಿ. ಹಳ್ಳಿಯ ಲೆಕ್ಕ ಸ್ವಲ್ಪ ಬೇರೆ. ಇಲ್ಲಿ ಬಸ್ಸೇ ಗಡಿಯಾರ. ಹೆಂಗಸರಿಗೆ ಬಸ್ ಫ್ರೀ ಆಗಿದ್ದು 2023ರ ಜೂನ್‌ನಲ್ಲಿ, ಆದರೆ ಅದು ಸರ್ಕಾರಿ ಬಸ್ಸಿಗೆ. ನಮ್ಮ ದಾರಿಯಲ್ಲಿ ಓಡುವುದು ಎರಡು ಖಾಸಗಿ ಬಸ್ಸು. 40 ರೂಪಾಯಿ ಹುಬ್ಬಿಗೆ 50 ರೂಪಾಯಿ ಬಸ್ ಚಾರ್ಜ್ ಕೊಟ್ಟು ಯಾರು ಬರುತ್ತಾರೆ ಮಾರಾಯ್ತಿ? ಸೊಸೈಟಿಗೆ, ಬ್ಯಾಂಕಿಗೆ, ಸಂತೆಗೆ ಹೊರಟವರು ಹಾಗೇ ಬಂದು ಹೋಗುತ್ತಾರೆ. ನಿಮ್ಮ ಊರಿನ ಬಸ್ ಟೈಮ್ ಬರೆದು ಗೋಡೆಗೆ ಹಚ್ಚಿ. ಹತ್ತೂವರೆಗೆ ಇಳಿದು ಹನ್ನೆರಡೂಕಾಲಿಗೆ ಹತ್ತುವವರಿಗೆ ಏನೇನು ಮಾಡಿ ಮುಗಿಸಬಹುದು ಎಂದು ಲೆಕ್ಕ ಹಾಕಿ. ಒಂದು ಸಲ ನನ್ನಿಂದ ಒಬ್ಬರಿಗೆ ಬಸ್ ತಪ್ಪಿತು. ತಲೆಗೆ ಹಚ್ಚಿದ ಮದರಂಗಿ ತೊಳೆಯುವುದು ತಡವಾಯಿತು. ಆಟೋಗೆ ನಾನೇ ದುಡ್ಡು ಕೊಟ್ಟೆ. ಆದರೂ ಆ ಕಥೆ ಎರಡು ಊರು ದಾಟಿ ನನ್ನ ತವರಿಗೇ ಬಂತು.

ಹಳ್ಳಿಯಲ್ಲಿ ಹುಬ್ಬಿಗಿಂತ ಕೈಕಾಲಿನ ಕೆಲಸ ನನಗೆ ಜಾಸ್ತಿ ಜನರನ್ನು ಕೊಟ್ಟಿದೆ. ಹಸಿ ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ಕೂತ ಹೆಂಗಸರ ಬೆರಳು ನೋಡಿದ್ದೀರಲ್ಲ. ಚೊಗರು, ಅಂದರೆ ಅಡಿಕೆಯ ಕಲೆ ಬಿಡುವ ರಸ, ಉಗುರಿನ ಸಂದಿಗೆ ಇಳಿದು ಕಪ್ಪಾಗಿರುತ್ತದೆ, ಸೋಪಿಗೆ ಜಪ್ಪಯ್ಯ ಅನ್ನುವುದಿಲ್ಲ. ತುಳಸಿ ಹಬ್ಬ ಮುಗಿದರೆ ಮದುವೆ ಶುರು, ಸುಲಿಯುವುದೂ ಆಗಲೇ. ಮದುಮಗಳು ಹೇಗಾದರೂ ಪೇಟೆಯ ಪಾರ್ಲರಿಗೆ ಹೋಗುತ್ತಾಳೆ. ಅವಳ ಅಮ್ಮ, ಚಿಕ್ಕಮ್ಮ, ಅತ್ತಿಗೆ ಆ ಕಪ್ಪು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಫೋಟೋಗೆ ನಿಲ್ಲುತ್ತಾರೆ. ನಾನು ಅವರನ್ನೇ ಹಿಡಿದೆ. ಬಿಸಿನೀರಿನಲ್ಲಿ ನೆನೆಸಿ, ನಿಂಬೆ ಹೋಳು ತಿಕ್ಕಿ, ಉಗುರು ಶುಚಿ ಮಾಡಿ, ತೆಂಗಿನೆಣ್ಣೆ ಹಚ್ಚಿ ಮಸಾಜ್. ಪೂರ್ತಿ ಹೋಗುವುದಿಲ್ಲ, ಮೊದಲೇ ಹಾಗೆಂದು ಹೇಳುತ್ತೇನೆ. ಮುಕ್ಕಾಲು ಹೋದರೂ ಅವರಿಗೆ ಖುಷಿ. ಗದ್ದೆ ಕೆಸರಿನಲ್ಲಿ ನಿಂತು ಒಡೆದ ಹಿಮ್ಮಡಿಯದೂ ಇದೇ ಕಥೆ. ಐವತ್ತು ದಾಟಿದವರು ಪಾರ್ಲರ್ ಅಂದರೆ ನಾಚುತ್ತಾರೆ, "ಕಾಲು ಒಡೆದಿದೆ, ನೋಡಿಕೊಡು" ಎಂದು ಬರಲು ನಾಚುವುದಿಲ್ಲ.

ನಮ್ಮ ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಒಂಬತ್ತು ದಿನ. 2023ರಲ್ಲಿ ಅದಕ್ಕೆ ಮೊದಲಿನ ಒಂದು ವಾರ ನನಗೆ ಊಟಕ್ಕೆ ಪುರುಸೊತ್ತು ಇರಲಿಲ್ಲ. ಬೆಂಗಳೂರಿನಿಂದ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರಲ್ಲ. ನಿಮ್ಮ ಕಡೆ ಎಳ್ಳಮಾವಾಸ್ಯೆ ಜಾತ್ರೆ ಇದೆ, ಈಗಲೇ ತಯಾರಾಗಿ.

ಮಳೆಗಾಲದ ಬಗ್ಗೆ ಒಂದು ಮಾತು. ಟವೆಲ್ ಒಣಗುವುದಿಲ್ಲ ಎಂದು ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದೆ. ಫೇಶಿಯಲ್ ಮಧ್ಯೆ ಒಬ್ಬರು "ಟವೆಲ್ ಹೊಗೆ ವಾಸನೆ" ಎಂದರು. ಮನೆಯವರಿಗೆ ಆ ವಾಸನೆ ಗೊತ್ತೇ ಆಗುವುದಿಲ್ಲ ನೋಡಿ. ಈಗ ಚಿಕ್ಕ ಟವೆಲ್ ಎರಡು ಡಜನ್ ಇಟ್ಟಿದ್ದೇನೆ, ಇಸ್ತ್ರಿ ಹಾಕಿ ಒಣಗಿಸುತ್ತೇನೆ. ಕರೆಂಟ್ ಹೋದರೆ ವ್ಯಾಕ್ಸ್ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟರೆ ಆಯಿತು. ಕುರ್ಚಿ ಮಾತ್ರ ಕಿಟಕಿ ಕಡೆ ಮುಖ ಮಾಡಿ ಇಡಿ. ನಮ್ಮ ಮನೆಗಳ ಒಳಗೆ ಹಗಲಲ್ಲೂ ಕತ್ತಲೆ, ಹುಬ್ಬು ಒಂದು ಮೇಲೆ ಒಂದು ಕೆಳಗೆ ಆಗುವುದು ಅದಕ್ಕೇ.

ಹೊಸನಗರದಿಂದ

ಉದ್ರಿ ಕೊಡಬೇಡಿ. "ಅಡಿಕೆ ದುಡ್ಡು ಬರಲಿ, ಕೊಡ್ತೀನಿ" ಎಂದವರು ದುಡ್ಡು ಬಂದ ಮೇಲೆ ಶಿವಮೊಗ್ಗದ ಪಾರ್ಲರಿಗೆ ಹೋಗುತ್ತಾರೆ. ನಿಮ್ಮ ಬಾಕಿ ಇದೆಯಲ್ಲ, ಮುಖ ತೋರಿಸಲು ಮುಜುಗರ. ದುಡ್ಡೂ ಹೋಯಿತು, ಕಸ್ಟಮರೂ ಹೋದಳು.

ನೆಂಟರಿಗೆ ರೇಟ್ ಬೋರ್ಡ್ ಬರೆಸಿ ಗೋಡೆಗೆ ಹಾಕಿ. ಬಾಯಲ್ಲಿ ಕೇಳಲು ಆಗದ್ದನ್ನು ಬೋರ್ಡ್ ಕೇಳುತ್ತದೆ.

ತೀರ್ಥಹಳ್ಳಿ ಪೇಟೆಯಿಂದ

ನಾನು ಬ್ಯೂಟೀಷಿಯನ್ ಅಲ್ಲ, ಸ್ಕೂಲ್ ಟೀಚರ್. ಮಾಡಿಸಿಕೊಳ್ಳುವವಳು. ಹತ್ತಿರದಲ್ಲೇ ಇದ್ದ ಒಂದು ಮನೆ ಪಾರ್ಲರನ್ನು ಯಾಕೆ ಬಿಟ್ಟೆ ಎಂದು ಹೇಳುತ್ತೇನೆ. ಕೆಲಸ ಚೆನ್ನಾಗಿತ್ತು. ಆದರೆ ಅಪ್ಪರ್‌ಲಿಪ್ ಮಾಡುವಾಗ ಅವರ ಮಾವ ನೀರು ಕುಡಿಯಲು ಅದೇ ಕೋಣೆ ದಾಟಿ ಹೋದರು. ಒಂದು ಪರದೆ ಹಾಕಿದ್ದರೆ ಸಾಕಿತ್ತು. ಇನ್ನೊಂದು, ನನ್ನ ಮುಂದೆ ಇನ್ನೊಬ್ಬರ ಮನೆ ವಿಷಯ ಹೇಳಿದರು. ಯಾರ ಮಗಳಿಗೆ ಗಂಡು ಒಪ್ಪಲಿಲ್ಲ, ಯಾರಿಗೆ ಗಡ್ಡದ ಹತ್ತಿರ ಕೂದಲು ಬರುತ್ತದೆ. ನನ್ನದನ್ನು ಯಾರ ಮುಂದೆ ಹೇಳುತ್ತಾರೋ ಅನ್ನಿಸಿತು. ಈಗ ಹೋಗುವ ಕಡೆ ಆಕೆ ಹೆಚ್ಚು ಮಾತಾಡುವುದಿಲ್ಲ, ರೇಡಿಯೋ ಹಾಕಿರುತ್ತಾರೆ. ದೂರ ಆದರೂ ಅಲ್ಲಿಗೇ ಹೋಗುತ್ತೇನೆ.

ಕೊಪ್ಪದಿಂದ

ಬ್ರೈಡಲ್ ಆರ್ಡರ್ ಬಂದರೆ ಹೆದರಬೇಡಿ, ಆದರೆ ಅಡ್ವಾನ್ಸ್ ಇಲ್ಲದೆ ತಾರೀಕು ಹಿಡಿಯಬೇಡಿ. ನನ್ನ ದೊಡ್ಡ ತಪ್ಪು ಬೇರೆ. ಮದುವೆಯ ಹಿಂದಿನ ದಿನ ಹೊಸ ಹುಡುಗಿಗೆ ಬ್ಲೀಚ್ ಮಾಡಿದೆ. ಪ್ಯಾಚ್ ಟೆಸ್ಟ್ ಮಾಡಲಿಲ್ಲ. ಸಂಜೆಗೆ ಕೆನ್ನೆ ಕೆಂಪಗೆ ಉರಿ. ರಾತ್ರಿಯೆಲ್ಲ ತಣ್ಣೀರು ಬಟ್ಟೆ ಇಟ್ಟುಕೊಂಡು ಅವರ ಮನೆಯಲ್ಲೇ ಕೂತಿದ್ದೆ, ಬೆಳಿಗ್ಗೆ ಮೇಕಪ್ಪಿನಲ್ಲಿ ಹೇಗೋ ಮುಚ್ಚಿದೆ. ಹುಡುಗಿ ಒಂದು ಮಾತು ಆಡಲಿಲ್ಲ. ಅವಳ ದೊಡ್ಡಮ್ಮ ಆಡಿದರು, ಆ ಸೀಸನ್ನಿನಲ್ಲಿ ಎರಡು ಆರ್ಡರ್ ಕೈಬಿಟ್ಟವು. ಈಗ ಬ್ಲೀಚ್ ಆಗಲಿ, ಹೇರ್ ಡೈ ಆಗಲಿ, ಎರಡು ದಿನ ಮೊದಲೇ ಮೊಣಕೈ ಒಳಗೆ ಚುಕ್ಕಿ ಹಚ್ಚಿ ನೋಡುತ್ತೇನೆ. ಫೇಶಿಯಲ್ ಮದುವೆಗೆ ಮೂರು ದಿನ ಮೊದಲು, ಅದೂ ಅವಳಿಗೆ ಒಮ್ಮೆ ಮಾಡಿ ಒಗ್ಗಿದ್ದು ಮಾತ್ರ.

ಫೋಟೋ ಹಾಕುವ ಮುಂಚೆ ಕೇಳಿ. ಹುಡುಗಿ ಹೂಂ ಅಂದರೆ ಸಾಲದು, ಅವಳ ಅಮ್ಮನನ್ನೂ ಕೇಳಿ. ಬರೀ ಹುಬ್ಬು, ಬರೀ ಜಡೆ, ಬರೀ ಮದರಂಗಿ ಕೈ ಹಾಕಿದರೆ ಯಾರೂ ಬೇಡ ಅನ್ನುವುದಿಲ್ಲ. ಗೂಗಲ್ ಮ್ಯಾಪಿಗೆ ನಂಬರ್ ಹಾಕುವುದಾದರೆ ಬೇರೆ ಸಿಮ್ ತೆಗೆದುಕೊಳ್ಳಿ. "ಮಹಿಳೆಯರಿಗೆ ಮಾತ್ರ" ಎಂದು ಬರೆದರೂ ರಾತ್ರಿ ಹತ್ತಕ್ಕೆ ಗಂಡಸರ ಫೋನ್ ಬರುತ್ತದೆ.

ಆಷಾಢದಲ್ಲಿ ಕೆಲಸ ಇಲ್ಲ ಎಂದು ಬಾಗಿಲು ಹಾಕಬೇಡಿ. ಮದುವೆ ಇಲ್ಲ, ನಿಜ. ಆದರೆ ಹೊಸದಾಗಿ ಮದುವೆಯಾದವರು ತವರಿಗೆ ಬಂದಿರುತ್ತಾರೆ. ಹೊರಗೆ ಜಡಿಮಳೆ, ಮಾಡಲು ಕೆಲಸವಿಲ್ಲ, ಕೈಯಲ್ಲಿ ಒಂದಿಷ್ಟು ದುಡ್ಡು. ಅವರಿಗೆ ದಾಸವಾಳದ ಸೊಪ್ಪು, ಮತ್ತಿ ಸೊಪ್ಪಿನ ಗೊಂಪು (ಸೊಪ್ಪು ಕಿವುಚಿ ತೆಗೆದ ಲೋಳೆ) ಹಾಕಿ ತಲೆಗೆ ಎಣ್ಣೆ ಮಸಾಜ್ ಮಾಡುತ್ತೇನೆ. ಪೇಟೆಯ ಪಾರ್ಲರಿನಲ್ಲಿ ಅದು ಸಿಗುವುದಿಲ್ಲ, ನನಗೆ ಸೊಪ್ಪಿನ ಖರ್ಚೂ ಇಲ್ಲ. ಮಂಗಳವಾರ, ಶುಕ್ರವಾರ ಹೇಗೂ ಹುಬ್ಬಿಗೆ ಬರುವುದಿಲ್ಲ ಅಲ್ವಾ? ಈ ಕೆಲಸವನ್ನು ಆ ದಿನಕ್ಕೆ ಇಡುತ್ತೇನೆ.

ಶಿವಮೊಗ್ಗ, ವಿನೋಬನಗರದಿಂದ

ಹೊಸ ಮೆಷಿನ್ ಈಗ ಕೊಳ್ಳಬೇಡಿ. ಕೊಳ್ಳಲೇಬೇಕಾದರೆ ಮುದ್ರಾ ಸಾಲದಲ್ಲಿ ಶಿಶು ಅಂತ ಇದೆ, 50 ಸಾವಿರದವರೆಗೆ, ಅಡಮಾನ ಕೇಳುವಂತಿಲ್ಲ. ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ನೀವೇ ಮಾಡಬಹುದು. ಅದಕ್ಕೆ ಎರಡು ಸಾವಿರ ಕೇಳಿದವರಿಗೆ ನಾನು ಕೊಟ್ಟಿದ್ದೇನೆ, ನೀವು ಕೊಡಬೇಡಿ.

ಮತ್ತೆ ಮಹಿಳಾ ಸಂಘದ ವಾರದ ಸಭೆ ಇರುತ್ತದಲ್ಲ, ಅಲ್ಲಿ ಭಾಷಣ ಮಾಡಬೇಡಿ. ನಿಮ್ಮ ಹುಬ್ಬು ನೀಟಾಗಿ ಇಟ್ಟುಕೊಂಡು ಮೊದಲ ಸಾಲಿನಲ್ಲಿ ಕೂತುಕೊಳ್ಳಿ.

ಕೇಳಿದವರು: ಐದು ವಾರದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಪರದೆ ಹಾಕಿದೆ. ಕುರ್ಚಿ ಕಿಟಕಿ ಕಡೆ ತಿರುಗಿಸಿದೆ, ಇಷ್ಟು ದಿನ ಕತ್ತಲೆಯಲ್ಲಿ ಹೇಗೆ ಮಾಡುತ್ತಿದ್ದೆನೋ. ನೋಟ್‌ಬುಕ್ಕಿನಲ್ಲಿ ಈಗ 23 ಪುಟ ತುಂಬಿದೆ. ಹಳೆಯ ಐದು ಜನರಿಗೆ ಮೆಸೇಜ್ ಹಾಕಿದೆ, ಮೂವರು ಬಂದರು. ಒಬ್ಬರು ನನ್ನ ನಂಬರನ್ನು "ಪಾರ್ಲರ್ ಅಡಿಕೆ ಮನೆ" ಎಂದು ಸೇವ್ ಮಾಡಿಕೊಂಡರು.

ಸಾಗರದ ಅಕ್ಕ ಹೇಳಿದ್ದಕ್ಕೆ ಅತ್ತೆಯ ಹಿಮ್ಮಡಿಯಿಂದ ಶುರು ಮಾಡಿದೆ. ಮೊದಲ ದಿನ ಬೈದುಕೊಂಡೇ ಕಾಲು ನೀರಿಗೆ ಇಟ್ಟರು. ಎರಡು ವಾರ ಬಿಟ್ಟು ಭಜನೆಗೆ ಹೋದಾಗ ಯಾರಿಗೆ ಏನು ತೋರಿಸಿದರೋ, ಮೂರು ಜನ ಹಿರಿಯರನ್ನು ತಾವೇ ಕರೆದುಕೊಂಡು ಬಂದರು. ಮುಗಿದ ಮೇಲೆ ಪಕ್ಕದ ಮನೆಯವರು "ನಮ್ಮ ಹುಡುಗಿ, ದುಡ್ಡು ಎಂಥಕ್ಕೆ" ಎಂದು ಎದ್ದರು. ನಾನು ಸುಮ್ಮನಿದ್ದೆ. ಅತ್ತೆ ಜಗಲಿಯಿಂದಲೇ "ಬೋರ್ಡ್ ಮೇಲೆ 150 ಬರೆದಿದೆ, ನೋಡೇ" ಎಂದು ಇಸಿದುಕೊಂಡರು. ಆ 150 ಇನ್ನೂ ಅವರ ಹತ್ತಿರವೇ ಇದೆ.

ಸಾಗರದ ಅಕ್ಕಾ, ಆ ಚಿಕ್ಕ ಟವೆಲ್ ಡಜನ್‌ಗೆ ಎಷ್ಟು ಕೊಟ್ಟಿರಿ?